ಕಂಡಕ್ಟರ್ ಪ್ರಜ್ಞಾ ಅನ್ನ ಬಿಟ್ಟಿದ್ದು

ಕಡೂರಿನಿಂದ ಅಜ್ಜಂಪುರಕ್ಕೆ ಹೋಗುವ ದಾರಿಯಲ್ಲಿ ಎಲ್ಲೆಲ್ಲಿ ಕಕ್ಕಸು ಇದೆ, ಯಾವುದಕ್ಕೆ ನೀರು ಬರುತ್ತದೆ, ಯಾವುದರ ಚಿಲಕ ಹತ್ತುವುದಿಲ್ಲ ಅನ್ನುವುದೆಲ್ಲ ಪ್ರಜ್ಞಾಳಿಗೆ ಬಾಯಿಪಾಠವಾಗಿತ್ತು. ಬೀರೂರಿನ ನಿಲ್ದಾಣದ್ದು ಸರಿ. ಅದು ದಾಟಿದ ಮೇಲೆ ಒಂದು ಪೆಟ್ರೋಲ್ ಬಂಕು. ಅದೂ ದಾಟಿಹೋದರೆ ಅಜ್ಜಂಪುರ ಇನ್ನೂ ಕಾಣುವ ಮೊದಲೇ, ರಸ್ತೆಗೆ ಅಂಟಿದಂತೆ ಶಕುಂತಲಮ್ಮನ ಮನೆ.

ಶಕುಂತಲಮ್ಮ ಸೊಪ್ಪು ಮಾರುವಾಕೆ. ಮೊದಲನೇ ಸಲ ಪ್ರಜ್ಞಾ ಸೀಟಿ ಊದಿ ಬಸ್ ನಿಲ್ಲಿಸಿ, ಟಿಕೆಟ್ ಮೆಷಿನ್ನನ್ನು ಸೀಟಿನ ಮೇಲೆ ಬಿಸುಟು, ಹೊಟ್ಟೆ ಹಿಡಿದುಕೊಂಡು ಆ ಅಂಗಳಕ್ಕೆ ಓಡಿಬಂದಾಗ ಆಕೆ ಯಾರ ಪೈಕಿ, ಯಾವ ಕೇರಿ ಎಂದು ಏನೊಂದೂ ಕೇಳದೆ ನೀರಿನ ಚೊಂಬು ಕೈಗಿಟ್ಟು ಹಿತ್ತಲು ತೋರಿಸಿದ್ದಳು. ಅಂದಿನಿಂದ ಡ್ರೈವರ್ ಬಸವರಾಜ ಆ ಮನೆ ಹತ್ತಿರವಾದಾಗ ಗಾಡಿ ನಿಧಾನ ಮಾಡಿ ಕನ್ನಡಿಯಲ್ಲಿ ಪ್ರಜ್ಞಾಳ ಮುಖ ನೋಡುತ್ತಿದ್ದ. ಅವಳು ಕಣ್ಣು ಮುಚ್ಚಿ ಕಂಬಿ ಹಿಡಿದು ನಿಂತಿದ್ದರೆ ಬಸ್ ನಿಲ್ಲುತ್ತಿತ್ತು.

"ಯಾಕಪ್ಪಾ ಇಲ್ಲಿ ನಿಲ್ಲಿಸ್ದೆ?" ಎಂದು ಯಾರಾದರೂ ಕೇಳಿದರೆ, "ಇಂಜಿನ್ ಬಿಸಿ ಆಗ್ಯದೆ ಕಣ್ರೀ, ತಣ್ಣಗಾಗ್ಲಿ" ಎನ್ನುತ್ತಿದ್ದ ಬಸವರಾಜ.

"ದಿನಾ ಇದೇ ಜಾಗದಲ್ಲೇ ಬಿಸಿ ಆಗತ್ತಲ್ಲ ನಿನ್ನ ಇಂಜಿನ್ನು."

"ಸರ್ಕಾರಿ ಇಂಜಿನ್ನು. ಟೈಮಿಗೆ ಸರಿಯಾಗಿ ಬಿಸಿ ಆಗ್ತದೆ."

ತರೀಕೆರೆಯ ತೆಂಗಿನಕಾಯಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದವನ ಮಗಳು ಪ್ರಜ್ಞಾ. ಶಾಲೆ ಬಿಟ್ಟ ಮೇಲೆ ಅಪ್ಪ ಬರುವತನಕ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಹೋಂವರ್ಕ್ ಬರೆದವಳು. ಖಾಕಿ ಹಾಕಿಕೊಂಡು ಜನರ ನಡುವೆ ದಾರಿ ಬಿಡಿಸಿಕೊಂಡು ಹೋಗುವ ಕಂಡಕ್ಟರುಗಳನ್ನು ನೋಡುತ್ತಲೇ ಬೆಳೆದಳು. ಆ ಖಾಕಿ ಅವಳಿಗೂ ಸಿಕ್ಕಿತು. ಚೌಳಹಿರಿಯೂರಿನ ಸುರೇಶನನ್ನು ಮದುವೆಯಾದಳು. ಅವನು ಗೂಡ್ಸ್ ಆಟೋ ಓಡಿಸುತ್ತಿದ್ದ. ಮಗಳು ಮೈತ್ರಿ ಹುಟ್ಟಿ ಒಂದು ವರ್ಷ ತುಂಬುವುದರೊಳಗೆ ಹೊಟ್ಟೆನೋವು ಶುರುವಾಯಿತು. ಬಲಗಡೆ, ಹೊಕ್ಕುಳಿನ ಕೆಳಗೆ, ಯಾರೋ ಒದ್ದೆ ಬಟ್ಟೆ ಹಿಂಡುವ ಹಾಗೆ. ಜೊತೆಗೆ ಭೇದಿ, ಜ್ವರ. ತೂಕ ಇಳಿದು ಇಳಿದು, ಯೂನಿಫಾರ್ಮಿನ ಸೊಂಟಕ್ಕೆ ಪಿನ್ನು ಹಾಕಿಕೊಳ್ಳುವ ಹಾಗಾಯಿತು.

ಅತ್ತೆ ತಿಪ್ಪಮ್ಮ ಇದನ್ನು ಬಾಣಂತನದಲ್ಲಿ ತಂಗಳು ತಿಂದದ್ದರ ಫಲ ಎಂದಳು. ನೆರೆಯ ಕಾಂತಮ್ಮ ಕಣ್ಣು ತಾಗಿದೆ ಎಂದಳು. ಮೊದಲು ನೋಡಿದ ಡಾಕ್ಟರು ಕರುಳಿನ ಟಿ.ಬಿ. ಇರಬಹುದು ಎಂದು ಮಾತ್ರೆ ಕೊಟ್ಟರು. ಅದೂ ಆಮೇಲೆ ಗೊತ್ತಾದ ಕಾಯಿಲೆಯೂ ಒಂದೇ ಥರ ಕಾಣುತ್ತವಂತೆ, ಎಷ್ಟೋ ಜನರಿಗೆ ಹೀಗೇ ಆಗುತ್ತದಂತೆ. ಕೋರ್ಸು ಮುಗಿದರೂ ನೋವು ಹೋಗಲಿಲ್ಲ. ಕೊನೆಗೆ ಶಿವಮೊಗ್ಗದಲ್ಲಿ ಕೊಳವೆ ಹಾಕಿ ಒಳಗೆ ನೋಡಿದಾಗ ಕಾಯಿಲೆಗೆ ಕ್ರೋನ್ಸ್ ಎಂಬ ಹೆಸರು ಸಿಕ್ಕಿತು. ಮೈಯನ್ನು ಕಾಯಬೇಕಾದ ಶಕ್ತಿಯೇ ತಪ್ಪು ತಿಳಿದು ತನ್ನದೇ ಕರುಳಿನ ಮೇಲೆ ಬೀಳುವ ಕಾಯಿಲೆ. ತಂಗಳಿನದೂ ಅಲ್ಲ, ಕಣ್ಣಿನದೂ ಅಲ್ಲ.

ಸ್ಟೆರಾಯ್ಡ್ ಮಾತ್ರೆ ಶುರುವಾದ ಮೂರನೇ ದಿನವೇ ಪ್ರಜ್ಞಾಳಿಗೆ ಹಸಿವಾಯಿತು. ತಿಂಗಳಲ್ಲಿ ಕೆನ್ನೆ ಊದಿ ಮುಖ ಗುಂಡಗಾಯಿತು. ತಿಪ್ಪಮ್ಮ ಊರಿನವರಿಗೆಲ್ಲ ಹೇಳಿದ್ದೇ ಹೇಳಿದ್ದು: "ನಮ್ ಸೊಸೆ ಮೈ ಹಿಡ್ಕಂಡ್ಲು ಕಣವ್ವ. ಮಕ ನೋಡು, ಉದ್ದಿನ ವಡೆ ಉಬ್ಬಿದಂಗೆ ಉಬ್ಬಿ ಕುಂತದೆ." ಆದರೆ ಆ ಉಬ್ಬು ಮೈಯದಲ್ಲ, ಮಾತ್ರೆಯದು. ಡಾಕ್ಟರು ಹೇಳಿದಂತೆ ಮಾತ್ರೆ ಇಳಿಸುತ್ತ ಬಂದರೆ ಒಂದು ಮಟ್ಟಕ್ಕೆ ಬರುವಾಗ ನೋವು ಮತ್ತೆ ಬಾಗಿಲು ತಟ್ಟುತ್ತಿತ್ತು. ಏರಿಸಿದರೆ ಹೋಗುತ್ತಿತ್ತು. ಬೇರೆ ಮಾತ್ರೆಯೂ ಸೇರಿತು, ಇಂಜೆಕ್ಷನ್ನಿನ ಮಾತೂ ಆಯಿತು. ಹೀಗೆ ಎರಡು ವರ್ಷ ಕಳೆಯಿತು. ಅಷ್ಟರಲ್ಲಿ ಕರುಳು ಒಂದು ಕಡೆ ಗಾಯವಾಗಿ ಮಾಯ್ದು, ಮಾಯ್ದು ಗಾಯವಾಗಿ, ಗಟ್ಟಿ ಕಲೆ ಕಟ್ಟಿ ಕಿರಿದಾಗಿತ್ತು. ಅದರ ಪಕ್ಕದಲ್ಲಿ ಕೀವಿನ ಸಣ್ಣ ಗಂಟೂ ಆಗಿತ್ತು.

ಶಸ್ತ್ರಚಿಕಿತ್ಸೆಯ ಡಾಕ್ಟರು ಅನುಪಮಾ ಸ್ಕ್ಯಾನನ್ನು ಬೆಳಕಿಗೆ ಹಿಡಿದು ಗಂಡಹೆಂಡತಿ ಇಬ್ಬರಿಗೂ ತೋರಿಸಿದರು.

"ಊತ ಇದ್ರೆ ಔಷಧಿ ಇಳಿಸುತ್ತೆ. ಆದ್ರೆ ಇದು ಕಲೆ ಆಗ್ಬಿಟ್ಟಿದೆ. ಇದನ್ನ ಯಾವ ಮಾತ್ರೆನೂ ಅಗಲ ಮಾಡಲ್ಲ. ಇಷ್ಟುದ್ದ ಕತ್ತರಿಸಿ ತೆಗೀಬೇಕು."

"ಹಂಗಾದ್ರೆ ತೆಗೆದುಬಿಡಿ ಮೇಡಂ. ನಾಳೆನೇ ಮಾಡ್ತೀನಂದ್ರೂ ನಾನು ರೆಡಿ," ಎಂದಳು ಪ್ರಜ್ಞಾ.

"ನಾನು ರೆಡಿ ಇಲ್ಲವಲ್ಲಮ್ಮ," ಎಂದು ನಕ್ಕರು ಡಾಕ್ಟರು. ಆಮೇಲೆ ನಗು ಬಿಟ್ಟು ಬಿಡಿಸಿ ಹೇಳಿದರು. ಕತ್ತರಿಸುವುದು ದೊಡ್ಡದಲ್ಲ, ಕತ್ತರಿಸಿದ ಎರಡು ತುದಿ ಕೂಡಿಸಿ ಹೊಲಿದ ಜಾಗ ಹಿಡಿದುಕೊಳ್ಳಬೇಕು. ಸ್ಟೆರಾಯ್ಡ್ ಇಷ್ಟು ತೆಗೆದುಕೊಳ್ಳುತ್ತಿರುವ ಮೈಯಲ್ಲಿ ಗಾಯ ಬೇಗ ಮಾಯುವುದಿಲ್ಲ. ರಕ್ತ ಕಡಿಮೆ, ಮೈಯಲ್ಲಿ ಸತ್ವವಿಲ್ಲ, ಪಕ್ಕದಲ್ಲಿ ಕೀವು. ಈ ಸ್ಥಿತಿಯಲ್ಲಿ ಹೊಲಿದರೆ ಹೊಲಿಗೆ ಸೋರಬಹುದು, ಸೋರಿದರೆ ಜೀವಕ್ಕೇ ಅಪಾಯ. ಹಾಗಾಗಿ ಈಗಲೇ ಮಾಡುವುದಾದರೆ ತುದಿ ಕೂಡಿಸುವುದಿಲ್ಲ. ಕರುಳನ್ನು ಹೊಟ್ಟೆಯ ಮೇಲೆ ಹೊರಗೆ ತಂದು ಅದಕ್ಕೊಂದು ಚೀಲ ಅಂಟಿಸುತ್ತೇವೆ, ಮಲ ಆ ಚೀಲಕ್ಕೆ ಬರುತ್ತದೆ. ಮತ್ತೆ ಒಳಗೆ ಹಾಕುವುದು ಮುಂದಿನ ಮಾತು.

"ಚೀಲ ಅಂದ್ರೆ ಹೆದರ್ಕೋಬೇಡ. ಅದನ್ನ ಇಟ್ಕೊಂಡು ಎಲ್ಲಾ ಕೆಲಸ ಮಾಡೋರು ಇದಾರೆ, ಮಕ್ಕಳು ಹೆತ್ತೋರೂ ಇದಾರೆ. ಬೇಕೇಬೇಕು ಅಂದಾಗ ಅದೇ ಜೀವ ಉಳಿಸೋದು."

ಪ್ರಜ್ಞಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಬೀರೂರಿನಲ್ಲಿ ಬೆಳಿಗ್ಗೆ ಬಸ್ ಹತ್ತುವ ಜನ ಕಣ್ಣಮುಂದೆ ಬಂದರು. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೆ ಒಂದು ಬಸ್ಸಿನಲ್ಲಿ ಒಂದೂವರೆ ಬಸ್ಸಿನ ಜನ. ಆ ನೂಕಿನಲ್ಲಿ ಭುಜಕ್ಕೆ ಒಂದು ಕಾಸಿನ ಚೀಲ. ಸೀರೆಗಂಟು, ಮೊಣಕೈ, ಹಾಲಿನ ಕ್ಯಾನು ತಿವಿಯುವ ಜಾಗದಲ್ಲಿ, ಹೊಟ್ಟೆಯ ಮೇಲೆ, ಇನ್ನೊಂದು ಚೀಲ. ಮಾಡುವವರು ಮಾಡುತ್ತಾರೆ, ಅವಳಿಗೆ ಅನುಮಾನವಿರಲಿಲ್ಲ. ಆದರೆ ಆ ಖಾಕಿ ಕಳಚಿ ಡಿಪೋದ ಮೂಲೆಯಲ್ಲಿ ಕುರ್ಚಿ ಮೇಲೆ ಕೂರುವ ಕಾಲ ಬರುತ್ತದೆ ಅನ್ನಿಸಿತು. ಅವಳಿಗೆ ಓಡಾಡುವ ಕೆಲಸ ಬೇಕಿತ್ತು.

"ಚೀಲ ಇಲ್ಲದೆ ಆಗೋ ದಾರಿ ಇದೆಯಾ ಮೇಡಂ?"

"ಇದೆ. ಗ್ಯಾರಂಟಿ ಕೊಡಲ್ಲ. ಆದ್ರೆ ನನಗೆ ಆರು ವಾರ ಕೊಡು. ನಾನು ಹೇಳಿದಂಗೆ ಕೇಳ್ಬೇಕು."

ದಾರಿ ಹೀಗಿತ್ತು. ಕೀವನ್ನು ಸೂಜಿಯಲ್ಲಿ ಎಳೆದು ತೆಗೆದು ಆಂಟಿಬಯಾಟಿಕ್ ಕೊಡುವುದು. ರಕ್ತಕ್ಕೆ ಕಬ್ಬಿಣದ ಡ್ರಿಪ್. ಸ್ಟೆರಾಯ್ಡನ್ನು ವಾರವಾರ ಸ್ವಲ್ಪಸ್ವಲ್ಪ ಇಳಿಸುವುದು. ಒಮ್ಮೆಲೇ ಬಿಟ್ಟರೆ ಮೈ ಕುಸಿದುಬಿಡುತ್ತದೆ, ಹೆದರಿ ಏರಿಸಿದರೆ ಮಾಡಿದ್ದೆಲ್ಲ ಹಾಳು. ಇನ್ನೊಂದು, ಎಲ್ಲಕ್ಕಿಂತ ವಿಚಿತ್ರವಾದದ್ದು: ಊಟ ಇಲ್ಲ. ಅನ್ನ, ಮುದ್ದೆ, ರೊಟ್ಟಿ, ಹಣ್ಣು ಏನೂ ಇಲ್ಲ. ಆಸ್ಪತ್ರೆಯವರು ಕೊಡುವ ಪುಡಿಯನ್ನು ನೀರಿನಲ್ಲಿ ಕಲಸಿ ಹೊತ್ತುಹೊತ್ತಿಗೆ ಕುಡಿಯುವುದು. ಮೈಗೆ ಬೇಕಾದ್ದೆಲ್ಲ ಅದರಲ್ಲೇ ಇದೆ, ಕರುಳಿಗೂ ವಿಶ್ರಾಂತಿ, ಊತವೂ ಇಳಿಯುತ್ತದೆ.

"ಇದು ಉಪವಾಸ ಅಲ್ಲ, ಇದೇ ಔಷಧಿ. ಮಾತ್ರೆ ಹೆಂಗೋ ಇದೂ ಹಂಗೇ," ಎಂದು ಡಾಕ್ಟರು ಎರಡು ಸಲ ಹೇಳಿದರು.

ಕೀವು ತೆಗೆಸಿಕೊಂಡು, ಆಸ್ಪತ್ರೆಯಲ್ಲಿ ನಾಲ್ಕಾರು ದಿನ ಇದ್ದು, ಪುಡಿಯ ಡಬ್ಬಗಳನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಪ್ರಜ್ಞಾ ಚೌಳಹಿರಿಯೂರಿಗೆ ಬಂದಳು. ಹಸಿವು ತಡೆಯುವುದು ಕಷ್ಟ ಎಂದುಕೊಂಡಿದ್ದಳು. ಕಷ್ಟ ಬಂದದ್ದು ಬೇರೆ ಕಡೆಯಿಂದ.

ಆ ಮನೆಯಲ್ಲಿ ಒಂದು ಪದ್ಧತಿ. ಉಣ್ಣದೆ ಇರುವವರ ಕಣ್ಣೆದುರು ಉಣ್ಣಬಾರದು. ಉಣ್ಣಲೇಬೇಕಾಗಿ ಬಂದರೆ ಮೊದಲು ಅವರ ಕೈಗೊಂದು ತುತ್ತು ಇಡಬೇಕು. ದಾರಿಯಲ್ಲಿ ಹೋಗುವವನು ಬಾಗಿಲಲ್ಲಿ ನಿಂತರೂ ಸರಿ, ನಾಯಿ ಬಂದು ಕೂತರೂ ಸರಿ. ಹಾಗೆ ಮಾಡದೆ ಉಂಡದ್ದು ಹೊಟ್ಟೆಗೆ ಹತ್ತುವುದಿಲ್ಲ. ಇದು ತಿಪ್ಪಮ್ಮನ ಅತ್ತೆ ಕಲಿಸಿದ್ದು. ಒಂದು ಕಾಲಕ್ಕೆ ಇಡೀ ಕೇರಿಯಲ್ಲಿ ಎರಡೇ ಮನೆಯಲ್ಲಿ ಒಲೆ ಉರಿಯುತ್ತಿದ್ದ ದಿನಗಳು ಇದ್ದವಂತೆ. ಆಗ ಈ ಒಂದು ತುತ್ತಿನಿಂದಲೇ ಮಕ್ಕಳು ಬದುಕಿದವು.

ಮೊದಲ ದಿನ ಮಧ್ಯಾಹ್ನ ಎಲ್ಲರೂ ತಟ್ಟೆ ಮುಂದೆ ಕೂತರು. ಪ್ರಜ್ಞಾ ಲೋಟ ಹಿಡಿದು ಗೋಡೆಗೊರಗಿದಳು. ಮಾವ ಚೌಡಪ್ಪ ಮುದ್ದೆಗೆ ಕೈ ಹಾಕಿದವನು ಹಾಗೇ ಹಿಂದೆಗೆದ.

"ಉಣ್ಣಿ ಮಾವ."

"ಉಣ್ತೀನಿ. ನೀ ಒಂಚೂರು ಬಾಯಿಗಾಕ್ಕ."

"ನಾನು ತಿನ್ನಂಗಿಲ್ಲ ಅಂತ ಹೇಳಿದ್ನಲ್ಲ."

"ತಿನ್ನು ಅಂದ್ನಾ ನಾನು? ಒಂದು ತುತ್ತು ಅಂದೆ ಅಷ್ಟೇಯ."

ಪ್ರಜ್ಞಾ ಲೋಟ ತೆಗೆದುಕೊಂಡು ಜಗಲಿಗೆ ಹೋಗಿ ಕೂತಳು. ಅದು ಇನ್ನೂ ಕೆಟ್ಟದಾಯಿತು. ತಿಪ್ಪಮ್ಮ ಹಿಂದೆಯೇ ಬಂದಳು. "ಮನೆ ಸೊಸೆನ ಈಚೆ ಕೂರಿಸಿ ನಾವು ಒಳಗೆ ಮುಕ್ಕೋದಾ? ನೋಡ್ದೋರು ಏನಂದಾರು? ದೊಡ್ಡೋರ ಮನೆ ಈಚೆ ಕೂತು ಉಣ್ಣೋ ಕಾಲ ನಮ್ಮ ಹಿರೀಕರಿಗೇ ಸಾಕಾಗೋಯ್ತು, ನಿನಗ್ಯಾಕವ್ವ ಅದು?"

ಪ್ರಜ್ಞಾ ಲೋಟ ಎತ್ತಿಕೊಂಡಳು. ಒಳಗೆ ಬಂದಳು. ಆವತ್ತು ಚೌಡಪ್ಪ ನೀರು ಕುಡಿದು ಎದ್ದ. ಮಾರನೇ ದಿನ ನಾಲ್ಕು ವರ್ಷದ ಮೈತ್ರಿಯೂ ತಟ್ಟೆ ದೂಡಿತು: "ಅಮ್ಮ ತಿಂದ್ರೆ ತಿಂತೀನಿ." ಮೂರನೇ ದಿನ ತಿಪ್ಪಮ್ಮ ಹುಣಸೆಬೀಜದಷ್ಟು ಮುದ್ದೆಯನ್ನು ಸಾರಿನಲ್ಲಿ ಅದ್ದಿ ಸೊಸೆಯ ಅಂಗೈಯಲ್ಲಿಟ್ಟಳು. "ಇಷ್ಟೇ ಇಷ್ಟು. ನಂ ಪಾಲಿನ ಶಾಸ್ತ್ರ ಮುಗೀತದೆ."

ಇಷ್ಟರಲ್ಲಿ ಏನಾದೀತು ಎಂದುಕೊಂಡಳು ಪ್ರಜ್ಞಾ. ನುಂಗಿದಳು. ಮಾವ ಉಂಡ. ಮಗಳು ಉಂಡಿತು. ಮನೆ ಮತ್ತೆ ಮನೆಯ ಹಾಗಾಯಿತು. ಏನೂ ಆಗಲಿಲ್ಲವಲ್ಲ ಎಂಬ ಧೈರ್ಯದಲ್ಲಿ ತುತ್ತು ದಿನದಿನಕ್ಕೆ ದೊಡ್ಡದಾಯಿತು. ಹುಣಸೆಬೀಜ ಅಡಿಕೆಯಾಯಿತು, ಅಡಿಕೆ ನಿಂಬೆಹಣ್ಣಾಯಿತು.

ಅವರೆಕಾಯಿಯ ಕಾಲ. ಆ ಭಾನುವಾರ ಸಾರಿನಲ್ಲಿ ಕಾಳು ಹೆಚ್ಚೇ ಇತ್ತು. ಪ್ರಜ್ಞಾಳ ಅಂಗೈಯ ತುತ್ತಿನಲ್ಲೂ ಸಿಪ್ಪೆಯ ಸಮೇತ ಬಂದವು. ಸಂಜೆಗೆ ಹೊಟ್ಟೆ ಬಿಗಿಯಿತು. ಬೆಳಗಾಗುವಾಗ ತಮಟೆಯ ಚರ್ಮದ ಹಾಗೆ ಉಬ್ಬಿ, ಹಸಿರು ವಾಂತಿಯಾಯಿತು. ಕುಡಿದ ನೀರೂ ನಿಲ್ಲಲಿಲ್ಲ.

ಸುರೇಶ ಬೀರುವಿನಿಂದ ಹಳೆಯ ಸ್ಟ್ರಿಪ್ ತಂದ. ಇಳಿಸುವ ಮೊದಲು ತೆಗೆದುಕೊಳ್ಳುತ್ತಿದ್ದ ದೊಡ್ಡ ಡೋಸಿನ ಮಾತ್ರೆ.

"ತಗೋ ಕಣೇ. ಹೋದ ಸಲವೂ ಇದ್ರಿಂದ್ಲೇ ಅಲ್ವಾ ಸಂಜೆ ಒಳಗೆ ನೋವು ಹೋಗಿದ್ದು? ನೋವು ನಿಂತ್ಮೇಲೆ ಮತ್ತೆ ಇಳಿಸ್ಕೋ."

ಪ್ರಜ್ಞಾ ಚಾಪೆಯ ಮೇಲೆ ಮೊಣಕಾಲನ್ನು ಎದೆಗೆ ಎಳೆದುಕೊಂಡು ಮಲಗಿದ್ದಳು. ಆ ಮಾತ್ರೆಯ ಸುಖ ಅವಳಿಗೆ ಗೊತ್ತಿತ್ತು. ಕೈ ಚಾಚಿದರೆ ಸಾಕು. ಇಳಿಸಲು ಶುರು ಮಾಡಿದಾಗಿನಿಂದ ಕೀಲುಗಳೆಲ್ಲ ನೋಯುತ್ತಿದ್ದವು, ಬೆಳಿಗ್ಗೆ ಏಳುವುದೇ ಬೆಟ್ಟ ಹತ್ತಿದ ಹಾಗಿತ್ತು, ಅದೂ ಹೋಗುತ್ತಿತ್ತು. ಅವಳು ಸ್ಟ್ರಿಪ್ ಇಸಿದುಕೊಂಡಳು, ದಿಂಬಿನ ಕೆಳಗೆ ತುರುಕಿದಳು.

"ಇದನ್ನ ನುಂಗಿದ್ರೆ ಇವತ್ತು ನೋವು ಹೋಗತ್ತೋ ಇಲ್ವೋ, ಚೀಲ ಅಂತೂ ಖಾತ್ರಿ. ಮೊದ್ಲು ಆಟೋ ತೆಗಿ. ಡಾಕ್ಟ್ರಿಗೆ ಫೋನ್ ಮಾಡಿ ಬರ್ತಾ ಇದೀವಿ ಅನ್ನು."

"ಅಲ್ಲೀವರ್ಗೂ ತಡ್ಕೋತೀಯಾ?"

"ಹೆರಿಗೆ ತಡ್ಕೊಂಡಿಲ್ವಾ. ಆಟೋ ತೆಗಿ ಅಂದೆ."

ಕಡೂರಿನವರೆಗೆ ಗೂಡ್ಸ್ ಆಟೋದ ಹಿಂದೆ ಹಾಸಿಗೆ ಹಾಕಿಕೊಂಡು, ಅಲ್ಲಿಂದ ಕಾರಿನಲ್ಲಿ ಹೋದರು. ತರೀಕೆರೆ ಬಂದಾಗ ಅವಳು ತಲೆಯೆತ್ತಿ ಬಸ್‌ಸ್ಟ್ಯಾಂಡ್ ನೋಡಿದಳು. ಮತ್ತೆ ವಾಂತಿ ಬಂತು.

ಆಸ್ಪತ್ರೆಯಲ್ಲಿ ಮೂಗಿಗೆ ಕೊಳವೆ ಹಾಕಿ, ಡ್ರಿಪ್ ಏರಿಸಿದರು. ಸ್ಕ್ಯಾನ್ ನೋಡಿದ ಡಾಕ್ಟರ್ ಅನುಪಮಾ ಮಂಚದ ಪಕ್ಕ ಬಂದು ನಿಂತರು.

"ಏನು ತಿಂದೆ?"

ಸುಳ್ಳು ಹೇಳುವ ಯೋಚನೆ ಪ್ರಜ್ಞಾಳಿಗೆ ಬರದೇ ಇರಲಿಲ್ಲ. "ಅವರೆಕಾಳು, ಮೇಡಂ. ಒಂದು ತುತ್ತು. ದಿನಾ ಒಂದೊಂದು ತುತ್ತು."

ಡಾಕ್ಟರು ಬಯ್ಯಲಿಲ್ಲ. "ಕಾಯಿಲೆ ಜಾಸ್ತಿ ಆಗಿಲ್ಲ. ಕಿರಿದಾದ ಜಾಗದಲ್ಲಿ ಸಿಪ್ಪೆ ಸಿಕ್ಕಾಕೊಂಡಿದೆ. ಹೊಟ್ಟೆಗೆ ಬಿಡುವು ಕೊಟ್ರೆ ಸಾಮಾನ್ಯವಾಗಿ ತಾನೇ ಬಿಡ್ತದೆ. ಸ್ಟೆರಾಯ್ಡ್ ಜಾಸ್ತಿ ತಗೊಂಡ್ಯಾ?"

"ಇಲ್ಲ."

"ಒಳ್ಳೇದಾಯ್ತು. ಇಳಿಸಿರೋ ಲೆಕ್ಕದಲ್ಲೇ ಡ್ರಿಪ್‌ನಲ್ಲಿ ಕೊಡ್ತೀವಿ." ಆಮೇಲೆ ಸ್ವಲ್ಪ ಬಾಗಿ, ಬೇರೆ ರೋಗಿಗಳಿಗೆ ಕೇಳದ ಹಾಗೆ ಹೇಳಿದರು: "ಪ್ರಜ್ಞಾ, ಇನ್ನೊಂದ್ಸಲ ಹಿಂಗಾದ್ರೆ ನಾನು ಕಾಯಕ್ಕಾಗಲ್ಲ. ಇರೋ ಸ್ಥಿತೀಲೇ ಹೊಟ್ಟೆ ತೆರೀಬೇಕಾಗುತ್ತೆ. ಆಗ ಚೀಲ ಹಾಕ್ದೆ ಬೇರೆ ದಾರಿ ಇರಲ್ಲ."

ಎರಡು ದಿನದಲ್ಲಿ ಹೊಟ್ಟೆ ಇಳಿಯಿತು. ಆ ಎರಡು ದಿನವೂ ಅವಳು ಮಲಗಿಕೊಂಡು ಯೋಚಿಸಿದ್ದು ಅತ್ತೆಯ ಬಗ್ಗೆ. ತಿಪ್ಪಮ್ಮನಿಗೆ ಬೇಡ ಎಂದರೆ ಪ್ರಯೋಜನವಿಲ್ಲ, ಅದು ಬರೀ ಮಾತು. ನಿಮ್ಮಿಂದಲೇ ಹೀಗಾಯಿತು ಎಂದರೆ ಆಕೆಯೂ ಅನ್ನ ಬಿಟ್ಟು ಮಲಗುತ್ತಾಳೆ. ಬೇರೆ ಕೋಣೆಯಲ್ಲಿ ಕೂರುವುದೆಂದರೆ ಹೊರಗೆ ಕೂರಿಸಿದ ಹಾಗೆ. ತವರಿಗೆ ಹೋಗಬಹುದು, ಆದರೆ ಮೈತ್ರಿಯ ಅಂಗನವಾಡಿ, ಸುರೇಶನ ಆಟೋ ಬಾಡಿಗೆ ಎಲ್ಲ ಇಲ್ಲೇ. ಬಸ್ಸಿನಲ್ಲಿ ಕೂಡ ಹಾಗೇ. ಜನರನ್ನು ಇಳಿಸಿ ದಾರಿ ಮಾಡಿಕೊಳ್ಳುವ ಕಂಡಕ್ಟರು ಕಂಡಕ್ಟರಲ್ಲ. ಇರುವವರ ನಡುವೆಯೇ ಓರೆಯಾಗಿ ನುಗ್ಗಬೇಕು.

ಮನೆಗೆ ಬಂದ ದಿನ ಊಟದ ಹೊತ್ತಿಗೆ ಅವಳು ತಾನಾಗಿ ಎಲ್ಲರಿಗೂ ತಟ್ಟೆ ಇಟ್ಟಳು. ತಿಪ್ಪಮ್ಮ ತಲೆ ತಗ್ಗಿಸಿ ಕೂತಿದ್ದಳು. ಆಸ್ಪತ್ರೆಯಿಂದ ಸುರೇಶ ಫೋನಿನಲ್ಲಿ ಎಲ್ಲ ಹೇಳಿದ್ದ. ತುತ್ತು ಕೊಡುವ ಹಾಗಿಲ್ಲ, ಕೊಡದೆ ಉಣ್ಣುವ ಹಾಗಿಲ್ಲ.

"ಅತ್ತೆ, ಒಂದು ಕೇಳ್ತೀನಿ. ಶಾಸ್ತ್ರ ಏನು? ಉಣ್ಣೋರು ಉಣ್ಣದೋರಿಗೆ ಕೊಡ್ಬೇಕು ಅಂತಾನಾ, ಇಲ್ಲಾ ಒಟ್ಗೆ ಕೂತೋರೆಲ್ಲ ಒಂದೇ ತುತ್ತು ಹಂಚ್ಕೋಬೇಕು ಅಂತಾನಾ?"

ತಿಪ್ಪಮ್ಮ ಯೋಚಿಸಿದಳು. "ಹಂಚ್ಕಂಡು ಉಣ್ಬೇಕು ಅಂತವ್ವ. ಒಬ್ರು ಬಾಯಿ ಬರಿದಾಗಿರಬಾರ್ದು ಅಂತ."

"ಹಂಗಾದ್ರೆ ನನ್ನ ಬಾಯಿ ಬರಿದಾಗಿಲ್ಲ. ಇಗೋ ನನ್ನ ಊಟ," ಎಂದು ಪ್ರಜ್ಞಾ ಲೋಟ ಎತ್ತಿ ತೋರಿಸಿದಳು. "ನೀವು ನನ್ನ ತಟ್ಟೇಗೆ ಹಾಕಂಗಿಲ್ಲ. ನಾನು ನಿಮ್ಮ ತಟ್ಟೇಗೆ ಹಾಕಬೌದು. ಹಾಕಲಾ?"

ಯಾರೂ ಬೇಡ ಎನ್ನುವ ಮೊದಲೇ ಅವಳು ಚಮಚದಲ್ಲಿ ಒಬ್ಬೊಬ್ಬರ ಅಂಗೈಗೆ ಆ ಪುಡಿಯ ಹಾಲು ಬಿಟ್ಟಳು. ಮೊದಲು ಮಾವನಿಗೆ. ಚೌಡಪ್ಪ ತೀರ್ಥ ತೆಗೆದುಕೊಂಡ ಹಾಗೆ ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಅಲ್ಲಾಡದೆ ಕೂತ.

"ಏನು ಮಾವ?"

"ಸುಣ್ಣಕ್ಕೆ ಸಕ್ಕರೆ ಕಲಸಿದಂಗದೆ ಕಣವ್ವ. ಇದನ್ನಾ ನೀನು ಮೂರೊತ್ತೂ ಕುಡಿಯೋದು?"

"ಮೂರೊತ್ತಲ್ಲ, ಎಂಟೊತ್ತು."

ಸುರೇಶ ನುಂಗಿ ಮುಖ ಹಿಂಡಿದ. "ನಮ್ಮಾಟೋಗೆ ಹಾಕಿದ್ರೂ ಸ್ಟಾರ್ಟ್ ಆಗಲ್ಲ."

ಮೈತ್ರಿಗೆ ಮಾತ್ರ ರುಚಿಸಿತು. ಇನ್ನೊಂದು ಚಮಚ ಕೇಳಿತು. ತಿಪ್ಪಮ್ಮ ಎಲ್ಲರಿಗಿಂತ ಕೊನೆಗೆ ತೆಗೆದುಕೊಂಡಳು. ಬಾಯಲ್ಲಿಟ್ಟುಕೊಂಡಿದ್ದನ್ನು ಬಹಳ ನಿಧಾನಕ್ಕೆ ನುಂಗಿ, ಸೆರಗಿನಿಂದ ಅಂಗೈ ಒರೆಸಿಕೊಂಡಳು. "ನನ್ನ ಮಗ ಅನ್ನಂಗೆ ಅಷ್ಟೇನು ಕೆಟ್ಟದಿಲ್ಲ," ಎಂದು ಸುಳ್ಳು ಹೇಳಿದಳು. ಆಮೇಲೆ ಮುದ್ದೆ ಮುರಿದಳು. ಎಲ್ಲರೂ ಉಂಡರು.

ಅಲ್ಲಿಂದ ಮುಂದೆ ತಿಪ್ಪಮ್ಮ ಕಾವಲಿಗೆ ನಿಂತಳು. ನೆರೆಯ ಕಾಂತಮ್ಮ ಒಂದು ದಿನ ಹಬ್ಬದ ಹೋಳಿಗೆ ತಂದು, "ಒಂದು ಚೂರು ಸೊಸೆ ಬಾಯಿಗಿಡಿ ತಿಪ್ಪಕ್ಕ, ಬಸವಳಿದದೆ ಮಗು" ಎಂದಳು.

"ನೀ ಮೊದ್ಲು ಅಂಗೈ ನೀಡು," ಎಂದಳು ತಿಪ್ಪಮ್ಮ. "ನಮ್ಮನೇಲಿ ಈಗ ಶಾಸ್ತ್ರ ಬದ್ಲಾಗ್ಯದೆ."

ಕಾಂತಮ್ಮ ಒಂದು ಚಮಚ ಕುಡಿದವಳು ಹೋಳಿಗೆಯ ಮಾತೇ ಮರೆತು ಮನೆಗೆ ಹೋದಳು. ಪ್ರಜ್ಞಾಳ ಹೆಸರಿನಲ್ಲಿ ಬಂದ ತಿಂಡಿಯನ್ನೆಲ್ಲ ತಿಪ್ಪಮ್ಮ ಹೀಗೇ ಹಿಂದಕ್ಕೆ ಕಳಿಸಿದಳು. ತಾನು ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಸೊಸೆಯನ್ನು ಮೊಮ್ಮಗಳ ಜೊತೆ ಕೆರೆ ಏರಿಯ ಕಡೆ ಅಟ್ಟುತ್ತಿದ್ದಳು: "ಒಗ್ಗರಣೆ ವಾಸ್ನೆಗೆ ಸತ್ತೋನೂ ಎದ್ದು ಕೂರ್ತಾನೆ, ನಿನ್ನ ಗತಿ ಏನು. ಹೋಗು, ಡಾಕ್ಟ್ರು ನಡೀಬೇಕು ಅಂದವ್ರಲ್ಲ."

ಹಸಿವಿಗಿಂತ ಕಷ್ಟವಾದದ್ದು ಮಾತ್ರೆ ಇಳಿಸುವುದು. ಕಡಿಮೆಯಾದಷ್ಟೂ ಮೈ ಸುಸ್ತು. ಒಂದು ಬೆಳಿಗ್ಗೆ ಮಗಳ ಜಡೆಗೆ ರಿಬ್ಬನ್ ಕಟ್ಟಲು ಬೆರಳು ಬಗ್ಗಲಿಲ್ಲ. ಪ್ರಜ್ಞಾ ಅಳಲಿಲ್ಲ, ರಿಬ್ಬನ್ನನ್ನು ಹಲ್ಲಿನಲ್ಲಿ ಹಿಡಿದು ಕಟ್ಟಿದಳು. ಇದು ಕಾಯಿಲೆಯ ನೋವೋ, ಮಾತ್ರೆ ಬಿಡುತ್ತಿರುವ ನೋವೋ ಎಂದು ಹೆದರಿಕೆಯಾದಾಗ ಊಹೆ ಮಾಡುತ್ತ ಕೂರದೆ ಆಸ್ಪತ್ರೆಗೆ ಫೋನ್ ಮಾಡಿದಳು. ತಲೆ ಸುತ್ತುತ್ತದೆಯೇ, ಜ್ವರವಿದೆಯೇ, ವಾಂತಿಯೇ ಎಂದು ಅವರು ಕೇಳಿದರು. ಇಲ್ಲ ಎಂದ ಮೇಲೆ, ಒಂದು ವಾರ ಇದೇ ಡೋಸಿನಲ್ಲಿ ನಿಲ್ಲು, ಆಮೇಲೆ ಇಳಿ ಎಂದರು. ನಿಂತಳು. ಇಳಿದಳು. ದಿಂಬಿನ ಕೆಳಗಿನ ಸ್ಟ್ರಿಪ್ಪನ್ನು ಸುರೇಶನ ಕೈಗೇ ಕೊಟ್ಟು ಔಷಧಿ ಅಂಗಡಿಗೆ ವಾಪಸ್ ಕಳಿಸಿದಳು.

ಆರು ವಾರ ಎಂಟಾಯಿತು. ಎರಡು ಸಲ ಕಬ್ಬಿಣದ ಡ್ರಿಪ್ ಏರಿತು. ಮುಖದ ಊತ ಇಳಿದು, ಗಲ್ಲದ ಮೂಳೆ ಮತ್ತೆ ಕಾಣಿಸಿತು. ಆದರೆ ತಿಪ್ಪಮ್ಮ ಬಡಕಲಾದಳು ಅನ್ನಲಿಲ್ಲ, ಏಕೆಂದರೆ ತೋಳಿನಲ್ಲಿ ಮಾಂಸ ಬಂದಿತ್ತು. ಬಸವರಾಜ ಡ್ಯೂಟಿ ಮುಗಿಸಿ ನೋಡಲು ಬಂದವನು ಅಂಗಳದಲ್ಲೇ ನಿಂತು ಹೇಳಿದ: "ಏನ್ ಪ್ರಜ್ಞಮ್ಮ, ಬರೀ ಪುಡಿ ಕುಡ್ಕೊಂಡು ಹಿಂಗಾಗಿದೀಯ. ನಂಗೂ ಒಂದು ಡಬ್ಬ ಕೊಡ್ಸು."

"ಅಂಗೈ ನೀಡು," ಎಂದಿತು ಮೈತ್ರಿ.

ಪರೀಕ್ಷೆಯ ವರದಿಗಳನ್ನೆಲ್ಲ ಮುಂದಿಟ್ಟುಕೊಂಡು ಡಾಕ್ಟರ್ ಅನುಪಮಾ ಬಹಳ ಹೊತ್ತು ನೋಡಿದರು. ರಕ್ತ ಏರಿತ್ತು. ಮೈಯ ಸತ್ವ ಏರಿತ್ತು. ಕೀವು ಇರಲಿಲ್ಲ. ಸ್ಟೆರಾಯ್ಡ್ ಹೆಚ್ಚುಕಡಿಮೆ ನಿಂತೇಹೋಗಿತ್ತು. "ಈಗ ನಾನು ರೆಡಿ," ಎಂದರು.

ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ಒಬ್ಬ ನರ್ಸ್ ಬಂದು ಪ್ರಜ್ಞಾಳನ್ನು ಎಬ್ಬಿಸಿ ನಿಲ್ಲಿಸಿ, ಕೂರಿಸಿ, ಬಾಗಿಸಿ ನೋಡಿ, ಹೊಟ್ಟೆಯ ಬಲಗಡೆ ಪೆನ್ನಿನಿಂದ ಒಂದು ಗುಂಡಗಿನ ಗುರುತು ಹಾಕಿದಳು.

"ಇದ್ಯಾಕೆ?"

"ಒಂದು ವೇಳೆ ಚೀಲ ಹಾಕ್ಬೇಕಾಗಿ ಬಂದ್ರೆ ಎಲ್ಲಿ ಅಂತ. ಬಟ್ಟೆ ಕಟ್ಟೋ ಜಾಗಕ್ಕೆ ತಾಗಬಾರದಲ್ಲ. ಒಳಗೆ ನೋಡಿದ ಮೇಲೇ ಡಾಕ್ಟ್ರು ತೀರ್ಮಾನ ಮಾಡೋದು."

ಪ್ರಜ್ಞಾ ಆ ಗುರುತನ್ನು ನೋಡಿಕೊಂಡಳು. ಎಂಟು ವಾರದ ಹಿಂದೆ ಆಗಿದ್ದರೆ ಅತ್ತುಬಿಡುತ್ತಿದ್ದಳೇನೋ. ಈಗ ಅವಳು ನರ್ಸನ್ನು ಕೇಳಿದ್ದು ಇಷ್ಟೇ: "ನಾನು ಕಂಡಕ್ಟರು. ಕಾಸಿನ ಚೀಲದ ಬೆಲ್ಟು ಈ ಭುಜದಿಂದ ಹಿಂಗೆ ಬರ್ತದೆ. ಅದಕ್ಕೂ ತಾಗ್ದಂಗೆ ಹಾಕ್ತೀರಾ?"

ನರ್ಸ್ ನಕ್ಕಳು. ಬೆಲ್ಟು ಬರುವ ದಾರಿಯನ್ನು ಬೆರಳಿನಲ್ಲಿ ತೋರಿಸಿಕೊಂಡು, ಗುರುತನ್ನು ಒರೆಸಿ, ಎರಡು ಬೆರಳು ಕೆಳಗೆ ಹೊಸದಾಗಿ ಹಾಕಿದಳು. ಬಾಗಿಲಲ್ಲಿ ನಿಂತಿದ್ದ ಸುರೇಶ ಮುಖ ಆಚೆ ತಿರುಗಿಸಿದ. "ಅಳ್ಬೇಡ," ಎಂದಳು ಪ್ರಜ್ಞಾ ಅವನಿಗೆ. "ಹಾಕಿದ್ರೂ ಡ್ಯೂಟಿಗೆ ಹೋಗ್ತೀನಿ. ಹಾಕ್ದೆ ಇರ್ಲಿ ಅಂತ ಮಾಡೋದೆಲ್ಲ ಮಾಡಾಯ್ತು. ಇನ್ನು ಡಾಕ್ಟ್ರ ಕೈಲಿದೆ."

ಎಚ್ಚರವಾದಾಗ ಬಾಯಿ ಒಣಗಿತ್ತು, ಮೇಲೆ ದೀಪ ಉರಿಯುತ್ತಿತ್ತು. ಬಲಗೈಗೆ ಡ್ರಿಪ್ ಇತ್ತು. ಎಡಗೈಯನ್ನು ಹೊದಿಕೆಯ ಒಳಗೆ ನಿಧಾನಕ್ಕೆ ಜಾರಿಸಿದಳು. ನಡುವೆ ದಪ್ಪ ಬ್ಯಾಂಡೇಜು. ಅದರ ಬಲಕ್ಕೆ, ಗುರುತು ಹಾಕಿದ ಜಾಗದಲ್ಲಿ, ಬೆರಳಿಗೆ ಸಿಕ್ಕಿದ್ದು ಬರೀ ಚರ್ಮ. ಮತ್ತೊಮ್ಮೆ ತಡವಿದಳು. ಚರ್ಮವೇ.

"ಕೂಡಿಸಿದೀನಿ," ಎಂಬ ಡಾಕ್ಟರ್ ಅನುಪಮಾರ ದನಿ ಎಲ್ಲೋ ತಲೆಯ ಹಿಂದಿನಿಂದ ಬಂತು. "ಎರಡೂ ತುದಿ ಚೆನ್ನಾಗಿದ್ವು. ಆದ್ರೆ ಇನ್ನೊಂದು ವಾರ ನನಗೆ ಭಯ ಇದ್ದೇ ಇರ್ತದೆ, ಸೋರದೆ ಇರಬೇಕು. ಆಮೇಲೂ ಕಾಯಿಲೆ ಪೂರ್ತಿ ಹೋಯ್ತು ಅಂತ ತಿಳ್ಕೋಬೇಡ. ವಾಪಸ್ ಬರದಂಗೆ ಔಷಧಿ ತಗೋಬೇಕು, ಆರು ತಿಂಗಳಿಗೆ ಮತ್ತೆ ಕೊಳವೆ ಹಾಕಿ ನೋಡ್ತೀವಿ."

ಪ್ರಜ್ಞಾ ತಲೆಯಾಡಿಸಿದಳು.

ಮಾರನೇ ದಿನ ಬೆಳಿಗ್ಗೆ ನರ್ಸ್ ಬಂದು ಇವತ್ತು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರೆ ಸಾಕು ಎಂದಳು. ಪ್ರಜ್ಞಾ ಕೂತಳು. ಕಾಲು ನೆಲಕ್ಕೆ ತಾಗಿತು. ಹೊಲಿಗೆ ಎಳೆದು ಕಣ್ಣಲ್ಲಿ ನೀರು ಬಂತು. ಒಂದು ಕೈಯಲ್ಲಿ ಹೊಟ್ಟೆಯನ್ನು ಒತ್ತಿಹಿಡಿದು, ಇನ್ನೊಂದು ಕೈಯಲ್ಲಿ ಡ್ರಿಪ್ಪಿನ ಕಂಬಿ ಹಿಡಿದು ಎದ್ದು ನಿಂತಳು.

"ನಿಧಾನ, ನಿಧಾನ. ಬೀಳ್ತೀರಾ," ಎಂದಳು ನರ್ಸ್.

"ಓಡೋ ಬಸ್ಸಲ್ಲಿ ನಿಂತೋಳು ನಾನು," ಎಂದು ಪ್ರಜ್ಞಾ ಬಾಗಿಲಿನ ಕಡೆ ಮೊದಲ ಹೆಜ್ಜೆ ಇಟ್ಟಳು.